ಅಮೀರ್‌ಪೇಟ್‌ನಿಂದ ಹೂವಿನ ಹೊಲಕ್ಕೆ ಸೈಕಲ್ ದಾರಿ

ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯಿಂದ ಕೋರ್ಸು ಕಲಿಯಲೆಂದು, ಕೆಲಸ ಹುಡುಕಲೆಂದು ಹೈದರಾಬಾದಿಗೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಅಮೀರ್‌ಪೇಟ್ ಎಂದರೆ ಕೋಚಿಂಗ್ ಸೆಂಟರ್‌ಗಳ ಫಲಕ, ಹಾಸ್ಟೆಲ್ ಕೋಣೆ, ಮೆಟ್ರೊ ನಿಲ್ದಾಣದ ನೂಕುನುಗ್ಗಲು. ಅದೇ ಅಮೀರ್‌ಪೇಟ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ಸೈಕಲ್ ತುಳಿದರೆ ಚೆಂಡುಹೂವು, ಸೇವಂತಿಗೆ, ಗುಲಾಬಿ ಬೆಳೆಯುವ ಮೊಯಿನಾಬಾದ್ ಸೀಮೆ ಸಿಗುತ್ತದೆ. ಇನ್ನೂ 15 ಕಿ.ಮೀ. ಮುಂದೆ ಚೇವೆಳ್ಳ. ಹೈದರಾಬಾದಿನ ದೇವರ ಕೋಣೆಗೂ ಮದುವೆ ಚಪ್ಪರಕ್ಕೂ ಈ ಸುತ್ತಿನ ಹೊಲಗಳಿಂದ ಹೂವು ಹೋಗುತ್ತದೆ.

ಈ ಸವಾರಿಗೆ ಒಂದೇ ಸೂತ್ರ: ಹೂವು ಪೇಟೆಗೆ ಬರುವ ದಾರಿಯಲ್ಲಿ ನೀವು ಎದುರುಮುಖವಾಗಿ ಹೋಗಿ. ನಸುಕಿನಲ್ಲಿ ಮಾರುಕಟ್ಟೆ, ಬಿಸಿಲೇರುವ ಮೊದಲು ಹೊಲ, ಮಧ್ಯಾಹ್ನದೊಳಗೆ ಮನೆ. ಹೀಗೆ ಹೋದರೆ ಯಾವ ಹೂವು ಯಾವ ಹಳ್ಳಿಯಲ್ಲಿದೆ ಎಂದು ಹುಡುಕುತ್ತ ಅಲೆಯಬೇಕಿಲ್ಲ. ಹಂತ ಹಂತವಾಗಿ ನೋಡೋಣ.

1. ಕಾಲ ಗೊತ್ತು ಮಾಡಿಕೊಳ್ಳಿ

ದಖ್ಖನ್ನಿನ ವಸಂತಕ್ಕೆ ಆಯುಷ್ಯ ಕಡಿಮೆ. ಪಂಚಾಂಗದ ಚೈತ್ರ ಬರುವ ಹೊತ್ತಿಗೆ ಹೈದರಾಬಾದಿನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟಿರುತ್ತದೆ. ಸೈಕಲ್ ಸವಾರಿಗೆ ಒಳ್ಳೆಯ ಕಾಲ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಈ ಅವಧಿಯಲ್ಲೂ ಅದರಾಚೆಗೂ ಹೂವಿನ ಸರದಿ ಬದಲಾಗುತ್ತ ಹೋಗುತ್ತದೆ:

- ಜನವರಿ ಕೊನೆ, ಫೆಬ್ರುವರಿ: ಸೇವಂತಿಗೆಯ ಕೊನೆಯ ಕೊಯ್ಲು, ಚೆಂಡುಹೂವು, ಮಾವಿನ ಹೂ. ತಾಂಡೂರು, ಜಹೀರಾಬಾದ್ ಕಡೆಗೆ ಹೋದರೆ ಕುಸುಬೆ.
- ಫೆಬ್ರುವರಿ, ಮಾರ್ಚ್: ಹಿಂಗಾರಿ ಸೂರ್ಯಕಾಂತಿ ಅಲ್ಲಲ್ಲಿ, ಎಲೆ ಉದುರಿಸಿ ನಿಂತ ಮುತ್ತುಗ ಮತ್ತು ಬೂರುಗದ ಮರಗಳಲ್ಲಿ ಕೆಂಪು ಹೂವು.
- ಮಾರ್ಚ್, ಏಪ್ರಿಲ್: ಹೊಂಗೆ, ಬೇವು, ಮಲ್ಲಿಗೆ. ಮಾರ್ಚ್ ಮಧ್ಯ ದಾಟಿದರೆ ಬೆಳಿಗ್ಗೆ 9ರೊಳಗೆ ಸವಾರಿ ಮುಗಿಸಬೇಕು, ಕೆಳಗಿನ ವೇಳಾಪಟ್ಟಿ ಆಗ ಹೊಂದದು.

ಹಬ್ಬದ ಲೆಕ್ಕವನ್ನೂ ಹಾಕಿಕೊಳ್ಳಿ. ಶಿವರಾತ್ರಿ, ಯುಗಾದಿಗೆ ಒಂದೆರಡು ದಿನ ಮುಂಚೆ ರೈತರು ಹೊಲವನ್ನೆಲ್ಲ ಕಿತ್ತು ಪೇಟೆಗೆ ಕಳಿಸುತ್ತಾರೆ. ಆಗ ಹೋದವರಿಗೆ ಕಾಣುವುದು ಬರೀ ಹಸಿರು ಗಿಡ. ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಹೋದರೆ ಹೊಲ ತುಂಬಿರುತ್ತದೆ.

2. ದೂರ ಆರಿಸಿಕೊಳ್ಳಿ

ಮೂರು ದಾರಿಗಳಿವೆ. ನಿಮ್ಮ ಅಭ್ಯಾಸಕ್ಕೆ ಸರಿಹೊಂದುವುದನ್ನು ಹಿಡಿಯಿರಿ.

ಮೊದಲನೆಯದು ಪಳಗಲು. ಅಮೀರ್‌ಪೇಟ್‌ನಿಂದ ಬೇಗಂಪೇಟ್ ಮೂಲಕ ನೆಕ್ಲೆಸ್ ರಸ್ತೆಗೆ ಹೋಗಿ, ಹುಸೇನ್ ಸಾಗರದ ದಂಡೆಯ ಸಂಜೀವಯ್ಯ ಪಾರ್ಕಿನ ಗುಲಾಬಿ ತೋಟ ನೋಡಿ ಬರುವುದು. ಬಹಳ ದಿನಗಳಿಂದ ಸೈಕಲ್ ಮುಟ್ಟದವರು ಒಂದೆರಡು ವಾರಾಂತ್ಯ ಇಲ್ಲೇ ತುಳಿಯಲಿ.

ಎರಡನೆಯದು ಈ ಲೇಖನದ ಮುಖ್ಯ ದಾರಿ: ಅಮೀರ್‌ಪೇಟ್, ಗುಡಿಮಲ್ಕಾಪುರ, ಲಂಗರ್ ಹೌಸ್, ಅಪ್ಪಾ ಜಂಕ್ಷನ್, ಮೊಯಿನಾಬಾದ್. ಹೋಗಿ ಬರಲು ಸುಮಾರು 60 ಕಿ.ಮೀ. ನಿಧಾನವಾಗಿ ಗಂಟೆಗೆ 15 ಕಿ.ಮೀ. ತುಳಿದರೂ ಚಕ್ರದ ಮೇಲೆ ಕಳೆಯುವುದು ನಾಲ್ಕು ಗಂಟೆ.

ಮೂರನೆಯದು ಚೇವೆಳ್ಳದವರೆಗೆ. ಹೋಗಿ ಬರಲು ಸುಮಾರು 90 ಕಿ.ಮೀ. ಎರಡನೇ ದಾರಿಯನ್ನು ಸುಸ್ತಿಲ್ಲದೆ ಮುಗಿಸಿದವರು ಮಾತ್ರ ಇದಕ್ಕೆ ಕೈಹಾಕಲಿ. ವಾಪಸ್ ಬರುವಾಗ ಸೈಕಲ್ ಏರಿಸಿಕೊಳ್ಳಲು ಒಂದು ಗೂಡ್ಸ್ ಆಟೊ ಗೊತ್ತು ಮಾಡಿಕೊಂಡರೆ ಇನ್ನೂ ಒಳ್ಳೆಯದು.

3. ಸೈಕಲ್ ಸಿದ್ಧಪಡಿಸಿ

ದುಬಾರಿ ಸೈಕಲ್ ಬೇಕಿಲ್ಲ. ಗೇರ್ ಇರುವ ಸಾಧಾರಣ ಹೈಬ್ರಿಡ್ ಸೈಕಲ್ ಈ ದಾರಿಗೆ ಹೇಳಿ ಮಾಡಿಸಿದ್ದು. ತೀರಾ ತೆಳು ಟೈರಿನ ರೇಸಿಂಗ್ ಸೈಕಲ್ ಹೊಲದ ಮಣ್ಣುದಾರಿಗೆ ಒಗ್ಗುವುದಿಲ್ಲ.

ಹೊರಡುವ ಎರಡು ದಿನ ಮೊದಲೇ ಇಷ್ಟು ನೋಡಿಕೊಳ್ಳಿ. ಹಿಂದಿನ ರಾತ್ರಿಯೇ ದೋಷ ಕಂಡರೆ ರಿಪೇರಿ ಅಂಗಡಿ ಮುಚ್ಚಿರುತ್ತದೆ.

- ಹವಾ: ಎಷ್ಟು ತುಂಬಬೇಕೆಂದು ಟೈರಿನ ಪಕ್ಕದಲ್ಲೇ ಮುದ್ರಿಸಿರುತ್ತಾರೆ. ಆ ಮಿತಿಯೊಳಗೇ ತುಂಬಿ.
- ಬ್ರೇಕು: ಹಿಡಿ ಒತ್ತಿದಾಗ ಹ್ಯಾಂಡಲ್‌ಗೆ ತಾಗಬಾರದು. ರಬ್ಬರ್ ಸವೆದಿದ್ದರೆ ಬದಲಿಸಿ.
- ಚೈನು: ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಮೆತ್ತಿದ ಎಣ್ಣೆಗೆ ದೂಳು ಹಿಡಿಯುತ್ತದೆ.
- ಸೀಟು: ಸೀಟಿನ ಮೇಲೆ ಕೂತು, ಪೆಡಲು ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುತ್ತದೆ, ಮೊಣಕಾಲು ತುಸು ಬಾಗಿರುತ್ತದೆ. ಸೀಟು ತಗ್ಗಾದರೆ 20 ಕಿ.ಮೀ. ದಾಟುವಷ್ಟರಲ್ಲಿ ಮೊಣಕಾಲು ನೋಯತೊಡಗುತ್ತದೆ.
- ದೀಪ: ಮುಂದೆ ಬಿಳಿ, ಹಿಂದೆ ಮಿನುಗುವ ಕೆಂಪು. ನಸುಕಿನಲ್ಲಿ ಹೊರಡುವವರಿಗೆ ಇವು ಕಡ್ಡಾಯ.

ಟ್ಯೂಬಿನ ವಾಲ್ವನ್ನೂ ಗಮನಿಸಿ. ಹಲವು ಹೊಸ ಸೈಕಲ್‌ಗಳಿಗೆ ಪ್ರೆಸ್ಟಾ ಎಂಬ ಸಣ್ಣ ಮೂತಿಯ ವಾಲ್ವ್ ಇರುತ್ತದೆ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಕಿಸೆಯಲ್ಲಿಟ್ಟುಕೊಂಡರೆ ಆ ಚಿಂತೆ ಇಲ್ಲ.

4. ಹಿಂದಿನ ರಾತ್ರಿಯ ಚೀಲ

ಹೆಲ್ಮೆಟ್, ಒಂದು ಹೆಚ್ಚುವರಿ ಟ್ಯೂಬ್, ಟೈರ್ ಬಿಡಿಸುವ ಲಿವರ್, ಚಿಕ್ಕ ಪಂಪು, ಅಲೆನ್ ಕೀ, ಪಂಕ್ಚರ್ ತೇಪೆ. ಎರಡು ಬಾಟಲಿ ನೀರು, ಎರಡು ಪೊಟ್ಟಣ ಓಆರ್‌ಎಸ್, ಬಾಳೆಹಣ್ಣು, ಶೇಂಗಾ ಚಿಕ್ಕಿ. ಒದ್ದೆ ಮಾಡಿಕೊಳ್ಳಲು ಒಂದು ತೆಳು ಹತ್ತಿ ಬಟ್ಟೆ. ಚಿಲ್ಲರೆ ನೋಟು. ತಿಳಿ ಬಣ್ಣದ, ತೋಳು ತುಂಬುವ ಅಂಗಿ. ಸೆಂಟು ಹಾಕಿಕೊಳ್ಳಬೇಡಿ, ಹೂವಿನ ಹೊಲದಲ್ಲಿ ಜೇನ್ನೊಣಗಳಿರುತ್ತವೆ.

ಒಬ್ಬರೇ ಹೋಗುವುದಕ್ಕಿಂತ ಮೂವರು ನಾಲ್ವರು ಜೊತೆಗೂಡಿ. ಕತ್ತಲಲ್ಲಿ ಹೊರಡುವುದರಿಂದ ಹೆಣ್ಣುಮಕ್ಕಳಿಗಂತೂ ಜೊತೆ ಇರಲೇಬೇಕು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಹಾಸ್ಟೆಲ್‌ನಲ್ಲೋ ಮನೆಯಲ್ಲೋ ಹೇಳಿ ಹೊರಡಿ.

5. ಬೆಳಿಗ್ಗೆ 5: ಮೊದಲು ಮಾರುಕಟ್ಟೆ

ಅಮೀರ್‌ಪೇಟ್‌ನಿಂದ ಪಂಜಗುಟ್ಟ, ಬಂಜಾರಾ ಹಿಲ್ಸ್ ರಸ್ತೆ ನಂಬರ್ 1, ಮಾಸಾಬ್ ಟ್ಯಾಂಕ್, ಮೆಹದಿಪಟ್ಣಂ. ಹಗಲಲ್ಲಿ ಈ ದಾರಿಗೆ ಸೈಕಲ್ ತರುವ ಧೈರ್ಯ ಯಾರಿಗೂ ಬಾರದು, ಐದು ಗಂಟೆಗೆ ರಸ್ತೆ ಬಹುತೇಕ ಖಾಲಿ. ಏರಿಳಿತ ಇರುವುದರಿಂದ ಹಗುರ ಗೇರಿನಲ್ಲಿ ತುಳಿಯಿರಿ. ಫ್ಲೈಓವರ್ ಹತ್ತಬೇಡಿ, ಕೆಳಗಿನ ರಸ್ತೆಯಲ್ಲೇ ಹೋಗಿ.

ಮೆಹದಿಪಟ್ಣಂ ದಾಟಿದ ಕೂಡಲೇ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆ. ಮೊಅಜ್ಜಂ ಜಾಹಿ ಮಾರುಕಟ್ಟೆ ಬಳಿಯ ಜಾಂಬಾಗ್‌ನಲ್ಲಿದ್ದ ಸಗಟು ಹೂವಿನ ವ್ಯಾಪಾರ ಇಲ್ಲಿಗೆ ಬಂದಿದೆ. ಆ ಹೊತ್ತಿಗೆ ಹಳ್ಳಿಗಳಿಂದ ಆಟೊ, ವ್ಯಾನುಗಳು ಬಂದು ನಿಂತಿರುತ್ತವೆ. ಚೆಂಡುಹೂವಿನ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದರೆ ಮೊಣಕಾಲೆತ್ತರದ ರಾಶಿ. ಒಳಗಿನ ಹೂವು ರಾತ್ರಿಯ ಬಿಸುಪಿನಿಂದ ಇನ್ನೂ ಬೆಚ್ಚಗಿರುತ್ತದೆ, ಮೇಲಿನದು ಇಬ್ಬನಿಗೆ ತಣ್ಣಗೆ. ಕೊಳ್ಳುವವರು ರಾಶಿಯ ಆಳಕ್ಕೆ ಕೈ ಹಾಕಿ ನೋಡುವುದು ಅದಕ್ಕೇ: ಒಳಗೆ ಬಿಸಿಯೇರಿ ಬೆಂದಂತಾದ ಹೂವು ಸಂಜೆಯವರೆಗೆ ತಾಳುವುದಿಲ್ಲ.

ಇಲ್ಲಿ ನಿಮ್ಮ ಕೆಲಸ ಎರಡು ಮಾತು ಕೇಳುವುದು. ಇವತ್ತು ಹೆಚ್ಚು ಬಂದಿರುವ ಹೂವು ಯಾವುದು? ಯಾವ ಊರಿನದು? ಹೆಸರುಗಳು ಗೊತ್ತಿದ್ದರೆ ಮಾತು ಸಲೀಸು. ಚೆಂಡುಹೂವಿಗೆ ಇಲ್ಲಿ ಬಂತಿ, ಸೇವಂತಿಗೆಗೆ ಚಾಮಂತಿ, ಮಲ್ಲಿಗೆಗೆ ಮಲ್ಲೆ, ಸುಗಂಧರಾಜಕ್ಕೆ ಲಿಲ್ಲಿ, ಸೂರ್ಯಕಾಂತಿಗೆ ಪೊದ್ದುತಿರುಗುಡು. ಮೊಯಿನಾಬಾದ್ ಕಡೆಯ ರೈತರು ಸಿಕ್ಕರೆ ಅವರ ಹೊಲ ರಸ್ತೆಯ ಯಾವ ಬದಿಗಿದೆ, ಬಂದರೆ ನೋಡಬಹುದೇ ಎಂದು ಅಲ್ಲೇ ವಿಚಾರಿಸಿ. ವ್ಯಾಪಾರದ ಬಿರುಸಿನಲ್ಲಿ ದಾರಿಗೆ ಅಡ್ಡ ನಿಲ್ಲಬೇಡಿ. ಸೈಕಲನ್ನು ಹೊರಗೇ ಬೀಗ ಹಾಕಿ ನಿಲ್ಲಿಸಿ, ಒಬ್ಬರು ಕಾವಲಿರಿ.

6. ಬೆಳಿಗ್ಗೆ 6: ಎರಡು ನದಿ, ಎರಡು ಕೆರೆ

ಗುಡಿಮಲ್ಕಾಪುರದಿಂದ ಲಂಗರ್ ಹೌಸ್‌ಗೆ ಬನ್ನಿ. ಇಲ್ಲಿನ ಬಾಪು ಘಾಟ್ ಬಳಿ ಮೂಸಿ ಮತ್ತು ಈಸಿ ನದಿಗಳು ಸೇರುತ್ತವೆ. ಗಾಂಧೀಜಿಯ ಚಿತಾಭಸ್ಮವನ್ನು 1948ರಲ್ಲಿ ವಿಸರ್ಜಿಸಿದ ಜಾಗಗಳಲ್ಲಿ ಇದೂ ಒಂದು. ಟಿಪ್ಪುಖಾನ್ ಸೇತುವೆ ದಾಟಿ ಬಂಡ್ಲಗೂಡ ಕಡೆಯಿಂದ ಅಪ್ಪಾ ಜಂಕ್ಷನ್ ಸೇರಿ. ಪೊಲೀಸ್ ಅಕಾಡೆಮಿ ಇರುವ ಈ ಕೂಡುರಸ್ತೆಯಿಂದಲೇ ಚೇವೆಳ್ಳದ ದಾರಿ, ಅಂದರೆ ನಮ್ಮ ವಿಜಯಪುರಕ್ಕೆ ಹೋಗುವ ಹೆದ್ದಾರಿ ಶುರುವಾಗುತ್ತದೆ. ಹೊರವರ್ತುಲ ರಸ್ತೆಯ ಮುಖ್ಯ ಪಥಕ್ಕೆ ಸೈಕಲ್ ಬಿಡುವುದಿಲ್ಲ. ಅದರ ಕೆಳಗೆ ಹಾದು ನೇರ ಪಶ್ಚಿಮಕ್ಕೆ ಹೋಗಬೇಕು.

ಮುಂದೆ ಬಲಕ್ಕೆ ಉಸ್ಮಾನ್ ಸಾಗರ, ಎಡಕ್ಕೆ ಹಿಮಾಯತ್ ಸಾಗರ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ನಿಜಾಮ್ ಸರ್ಕಾರ ಪ್ರವಾಹ ತಡೆಯುವ ಯೋಜನೆಗೆ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರು ಬಂದು ಸೂಚಿಸಿದ ಯೋಜನೆಯ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲೂ, ಈಸಿಗೆ ಹಿಮಾಯತ್ ಸಾಗರ 1927ರಲ್ಲೂ ಮುಗಿದವು.

ನೀವು ನೋಡಲು ಹೊರಟಿರುವ ಹೂವಿನ ಹೊಲಗಳಿಗೂ ಈ ಕೆರೆಗಳಿಗೂ ನಂಟಿದೆ. ಕೆರೆಗಳ ನೀರು ಕೆಡದಿರಲೆಂದು 1996ರಲ್ಲಿ ಹೊರಡಿಸಿದ 111ನೇ ಸರ್ಕಾರಿ ಆದೇಶ ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯ ಮಾಡುವ ಕೈಗಾರಿಕೆಗಳನ್ನೂ ದೊಡ್ಡ ಬಡಾವಣೆಗಳನ್ನೂ ತಡೆಯಿತು. ಪಕ್ಕದ ಗಚ್ಚಿಬೌಲಿಯಲ್ಲಿ ಗಗನಚುಂಬಿಗಳು ಎದ್ದ ವರ್ಷಗಳಲ್ಲೇ ಇಲ್ಲಿ ಬೇಸಾಯ ಉಳಿಯಲು ಅದು ಬಹುಮಟ್ಟಿಗೆ ಕಾರಣ. 2022ರಲ್ಲಿ ಸರ್ಕಾರ ಈ ನಿರ್ಬಂಧ ಸಡಿಲಿಸುವ ಆದೇಶ ಹೊರಡಿಸಿತು. ಆದ್ದರಿಂದ ಹೂವಿನ ಹೊಲವನ್ನು ಈಗಲೇ ಹೋಗಿ ನೋಡಿ, ಅದನ್ನು ಬೆಳೆಯುವವರ ಪರಿಚಯ ಮಾಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಅಪ್ಪಾ ಜಂಕ್ಷನ್‌ನಿಂದ ಮನ್ನೆಗೂಡದವರೆಗಿನ ಸುಮಾರು 46 ಕಿ.ಮೀ. ಉದ್ದಕ್ಕೂ ನೂರಾರು ಹಳೆಯ ಆಲದ ಮರಗಳಿಗೆ ಈ ರಸ್ತೆ ಹೆಸರುವಾಸಿ. ರಸ್ತೆ ಅಗಲ ಮಾಡುವ ಯೋಜನೆಯಲ್ಲಿ ಅವನ್ನು ಉಳಿಸಿಕೊಳ್ಳಲು ಪರಿಸರಪ್ರಿಯರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿದ್ದಾರೆ. ಸೈಕಲ್‌ನವರಿಗೆ ಈ ನೆರಳು ದೊಡ್ಡ ಉಪಕಾರ, ಜೊತೆಗೆ ಒಂದು ಅಪಾಯವೂ ಇದೆ. ಬಿಸಿಲಿನಿಂದ ದಟ್ಟ ನೆರಳಿಗೆ ನುಗ್ಗಿದಾಗ ಎರಡು ಕ್ಷಣ ನಿಮಗೆ ಗುಂಡಿ ಕಾಣುವುದಿಲ್ಲ, ಹಿಂದಿನ ಲಾರಿಯವನಿಗೆ ನೀವು ಕಾಣುವುದಿಲ್ಲ. ಹಿಂದಿನ ಕೆಂಪು ದೀಪವನ್ನು ಹಗಲಲ್ಲೂ ಉರಿಸಿ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿ. ಕಿವಿಗೆ ಇಯರ್‌ಫೋನ್ ಬೇಡ. ಅಗಲೀಕರಣದ ಕೆಲಸ ನಡೆಯುವ ಕಡೆ ಸಡಿಲ ಜಲ್ಲಿ ಇದ್ದರೆ ಮುಂದಿನ ಬ್ರೇಕು ಒತ್ತದೆ ನಿಧಾನಿಸಿ.

ಈ ದಾರಿಯ ಬೆಳಗಿನ ಸವಾರಿಗೆ ಇನ್ನೊಂದು ಅನುಕೂಲ. ಅರಳಿ ಬಲಿತ ಸೂರ್ಯಕಾಂತಿ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ನೀವು ಹೋಗುತ್ತಿರುವುದು ಪಶ್ಚಿಮಕ್ಕೆ. ಬಿಸಿಲು ನಿಮ್ಮ ಬೆನ್ನಿಗೆ, ಹೂವು ನಿಮ್ಮ ಎದುರಿಗೆ.

7. ಬೆಳಿಗ್ಗೆ 7.30: ಹೊಲದ ಬದಿಯಲ್ಲಿ

ಹೆದ್ದಾರಿಯಿಂದ ಎಲ್ಲ ಹೊಲವೂ ಕಾಣುವುದಿಲ್ಲ. ರಸ್ತೆ ಬದಿಯ ಎಷ್ಟೋ ಜಮೀನುಗಳಿಗೆ ಫಾರ್ಮ್‌ಹೌಸ್, ರೆಸಾರ್ಟ್‌ಗಳ ಗೋಡೆ ಬಂದಿದೆ. ಮೊಯಿನಾಬಾದ್ ಆಸುಪಾಸಿನಲ್ಲಿ, ಕನಕಮಾಮಿಡಿ ಕಡೆಗೆ ಹೋಗುವಾಗ ಪಕ್ಕದ ಹಳ್ಳಿ ರಸ್ತೆಗೆ ಒಂದೆರಡು ಕಿ.ಮೀ. ಒಳಗೆ ಹೋಗಿ. ದೂರದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಪಾಲಿಹೌಸ್ ಕಂಡರೆ ಅಲ್ಲಿ ಬಹುಶಃ ಜರ್ಬೆರಾ ಅಥವಾ ಡಚ್ ಗುಲಾಬಿ ಇರುತ್ತದೆ. ಒಳಗಿನ ತೇವ, ಶುಚಿ ಕಾಯಬೇಕಾದ್ದರಿಂದ ಅಪರಿಚಿತರನ್ನು ಬಿಡಲು ಒಪ್ಪುವುದು ಕಡಿಮೆ. ಬಯಲಿನ ಚೆಂಡುಹೂವು, ಸೇವಂತಿಗೆಯ ಹೊಲವನ್ನೇ ಅರಸಿ. ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಕೀಳುವುದರಿಂದ ಅದರ ತೋಟದಲ್ಲಿ ಅರಳಿದ ಹೂವಿನ ಹರವು ಸಿಗದು.

ಹೊಲದ ಬಳಿ ನಾಲ್ಕು ನಿಯಮ ತಪ್ಪಬಾರದು.

ಕೇಳದೆ ಒಳಗೆ ಕಾಲಿಡಬೇಡಿ. ‘ಅನ್ನಾ, ಲೋಪಲಿಕಿ ರಾವಚ್ಚಾ?’ ಎಂದು ಕೇಳಿದರೆ ಸಾಕು. ಹೆಂಗಸರಿದ್ದರೆ ‘ಅಕ್ಕಾ’ ಎನ್ನಿ. ಬೇಡ ಎಂದರೆ ಬದುವಿನ ಮೇಲೆ ನಿಂತೇ ನೋಡಿ.

ಸಾಲಿನ ನಡುವೆಯೇ ನಡೆಯಿರಿ. ಚೆಂಡುಹೂವಿನ ಗಿಡದ ಕೊಂಬೆ ಪೆಳಸು; ತೊಡೆ ತಾಗಿದರೂ ಬುಡದಲ್ಲಿ ಸೀಳುತ್ತದೆ. ಒಂದು ಕೊಂಬೆ ಮುರಿದರೆ ಮುಂದಿನ ಕೊಯ್ಲಿನ ಅಷ್ಟೂ ಮೊಗ್ಗು ಹೋದಂತೆ. ಹನಿ ನೀರಾವರಿಯ ಪೈಪನ್ನು ತುಳಿಯಬೇಡಿ, ಸೈಕಲನ್ನು ಹೊಲದೊಳಗೆ ತರಬೇಡಿ.

ಔಷಧಿ ಹೊಡೆದ ಹೊಲಕ್ಕೆ ಹೋಗಬೇಡಿ. ಘಾಟು ವಾಸನೆ, ಇಬ್ಬನಿ ಆರಿದ ಮೇಲೂ ಒದ್ದೆಯಾಗಿರುವ ಎಲೆ, ಬದುವಿನಲ್ಲಿ ಸಿಂಪಡಣೆಯ ಡಬ್ಬ ಕಂಡರೆ ಮುಂದಿನ ಹೊಲಕ್ಕೆ ನಡೆಯಿರಿ. ಯಾವ ಹೊಲದ ಹೂವನ್ನೂ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ತಿಂಡಿಗೆ ಮುಂಚೆ ಕೈ ತೊಳೆಯಿರಿ.

ಕೀಳುವವರ ಹೊತ್ತು ಹಾಳು ಮಾಡಬೇಡಿ. ಬಿಸಿಲೇರಿದರೆ ಹೂವು ಬಾಡುತ್ತದೆ, ಅವರ ಕೂಲಿಯೂ ಆ ತಂಪು ಹೊತ್ತಿನೊಳಗೇ ಮುಗಿಯಬೇಕು. ಕೆಲಸ ಮಾಡುತ್ತಿರುವ ಹೆಂಗಸರ ಫೋಟೊ ತೆಗೆಯುವ ಮುನ್ನ ಅವರನ್ನೇ ಕೇಳಿ. ಒಂದು ಕಿಲೋ ಹೂವು ಕೊಂಡು, ಅವರು ಹೇಳಿದ ಬೆಲೆ ಕೊಡಿ. ಚೌಕಾಸಿ ಬೇಡ.

ಕೊಂಡ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಬೇಯುತ್ತದೆ. ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಹಿಂದಿನ ಕ್ಯಾರಿಯರ್ ಮೇಲೆ ಗಾಳಿಯಾಡುವಂತೆ ಕಟ್ಟಿ.

8. ಬೆಳಿಗ್ಗೆ 9: ವಾಪಸ್

ತಿಂಡಿ ಮೊಯಿನಾಬಾದಿನ ಯಾವುದಾದರೂ ಟಿಫಿನ್ ಸೆಂಟರ್‌ನಲ್ಲಿ ಮುಗಿಸಿ. ಇಡ್ಲಿ, ಉಪ್ಪಿಟ್ಟು ಸಾಕು. ಎಣ್ಣೆಯ ಪೂರಿ, ಬೋಂಡ ತಿಂದು ಬಿಸಿಲಲ್ಲಿ ಸೈಕಲ್ ತುಳಿಯುವುದು ಕಷ್ಟ. ದೇವರ ದರ್ಶನ ಬೇಕೆನ್ನುವವರು ಉಸ್ಮಾನ್ ಸಾಗರದ ಕಡೆಯ ಚಿಲ್ಕೂರು ಬಾಲಾಜಿಗೆ ಹೋಗಿ ಬರಬಹುದು. ಮೊದಲ ಸಲ ಹರಕೆ ಹೊತ್ತು 11 ಪ್ರದಕ್ಷಿಣೆ, ಈಡೇರಿದ ಮೇಲೆ 108 ಎಂಬುದು ಅಲ್ಲಿಯ ರೂಢಿ. ಹುಂಡಿ ಇಲ್ಲದ ಗುಡಿ ಅದು.

ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ನೀರು ಗುಟುಕರಿಸಿ. ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬೇಕಾಗುತ್ತದೆ. ಒಣ ಗಾಳಿಗೆ ಬೆವರು ಕೂಡಲೇ ಆರುವುದರಿಂದ ಎಷ್ಟು ನೀರು ಹೋಯಿತೆಂದು ಗೊತ್ತಾಗುವುದಿಲ್ಲ. ತಲೆ ಸುತ್ತಿದರೆ, ಬೆವರು ನಿಂತರೆ, ಮೈ ಜುಮ್ಮೆಂದರೆ ತಕ್ಷಣ ಇಳಿದು ನೆರಳಿಗೆ ಹೋಗಿ, ಒದ್ದೆ ಬಟ್ಟೆ ಕತ್ತಿಗೆ ಸುತ್ತಿ, ಓಆರ್‌ಎಸ್ ಕುಡಿಯಿರಿ. ಅಂದು ಮತ್ತೆ ಪೆಡಲು ತುಳಿಯದೆ ಆಟೊ ಹಿಡಿಯಿರಿ. ಬೆವರು ನಿಂತಿದ್ದರೆ ಕೂಡಲೇ, ಉಳಿದಂತೆ ಹತ್ತು ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ 108ಕ್ಕೆ ಕರೆ ಮಾಡಿ.

ಹೊಲದ ದಾರಿಯಲ್ಲಿ ಪಂಕ್ಚರ್ ಆಗುವುದು ಹೆಚ್ಚಾಗಿ ಬಳ್ಳಾರಿ ಜಾಲಿಯ ಮುಳ್ಳಿನಿಂದ. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಮುಳ್ಳಿನ ತುಂಡು ತೆಗೆಯಿರಿ. ಹಾಗೆಯೇ ಬಿಟ್ಟರೆ ಹೊಸ ಟ್ಯೂಬೂ ಮೈಲಿಯೊಳಗೆ ಹೋಗುತ್ತದೆ.

ಊರೊಳಗೆ ಬರುವಷ್ಟರಲ್ಲಿ ಮೆಹದಿಪಟ್ಣಂ ದಟ್ಟಣೆ ಶುರುವಾಗಿರುತ್ತದೆ. ಭಾನುವಾರ ಆರಿಸಿಕೊಂಡರೆ ಇದು ಅರ್ಧಕ್ಕರ್ಧ ತಪ್ಪುತ್ತದೆ.

ಮಕ್ಕಳಿದ್ದರೆ, ಹೆದ್ದಾರಿ ಬೇಡವೆಂದರೆ

ಹೊರವರ್ತುಲ ರಸ್ತೆಯ ಪಕ್ಕ 2023ರ ಅಕ್ಟೋಬರ್ 1ರಂದು ತೆರೆದ ಸೋಲಾರ್ ಚಾವಣಿಯ ಸೈಕಲ್ ಪಥವಿದೆ. ತೆರೆದಾಗ ಒಟ್ಟು 23 ಕಿ.ಮೀ. ಉದ್ದ, 4.5 ಮೀಟರ್ ಅಗಲ. ನಾನಕ್‌ರಾಮ್‌ಗೂಡದಿಂದ ಪೊಲೀಸ್ ಅಕಾಡೆಮಿವರೆಗೆ ಒಂದು ಕವಲು, ನಾರ್ಸಿಂಗಿಯಿಂದ ಕೊಲ್ಲೂರಿನವರೆಗೆ ಇನ್ನೊಂದು. ಮೊದಲ ಕವಲು 8.5 ಕಿ.ಮೀ.; ಅದು ಮುಗಿಯುವಲ್ಲೇ ಚೇವೆಳ್ಳದ ರಸ್ತೆ ಶುರು. ಮಕ್ಕಳನ್ನು ಪಥದ ಮೇಲೇ ಆಡಿಸಿ, ಅಲ್ಲಿಂದ ಕಾರಿನಲ್ಲಿ ಹೊಲಕ್ಕೆ ಕರೆದೊಯ್ಯಬಹುದು.

ಇನ್ನೂ ದೂರ ಹೋಗುವವರಿಗೆ

ಬೀದರ್ ರೈಲಿನವರಿಗೂ ಕಲಬುರಗಿ ರೈಲಿನವರಿಗೂ ಗೊತ್ತಿರುವ ವಿಕಾರಾಬಾದ್ ಜಂಕ್ಷನ್ನಿಗೆ ಸೈಕಲನ್ನು ಲಗೇಜ್ ಬುಕ್ ಮಾಡಿ ರೈಲಿನಲ್ಲೇ ಒಯ್ಯಬಹುದು. ಬುಕಿಂಗ್ ನಡೆಯುವುದು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ, ರೈಲು ಹೊರಡುವುದಕ್ಕೆ ಸಾಕಷ್ಟು ಮೊದಲೇ ಹೋಗಿ. ಮೂಸಿ ಹುಟ್ಟುವ ಅನಂತಗಿರಿ ಗುಡ್ಡ ಅಲ್ಲಿಗೆ ಹತ್ತಿರ. ಹೋಳಿಯ ಆಸುಪಾಸಿನಲ್ಲಿ ಮುತ್ತುಗದ ಹೂವು ನೋಡಲು ಒಳ್ಳೆಯ ಜಾಗ.

ವಸಂತದಲ್ಲಿ ಈ ದಾರಿಯನ್ನು ಒಮ್ಮೆ ಕಲಿತುಕೊಂಡವರು ದಸರೆಗೆ ಮುನ್ನ ಇನ್ನೊಮ್ಮೆ ಹೋಗಲೇಬೇಕು. ತೆಲಂಗಾಣದಲ್ಲಿ ಚೆಂಡುಹೂವಿಗೆ ದೊಡ್ಡ ಬೇಡಿಕೆ ಬರುವುದು ಬತುಕಮ್ಮ, ದಸರೆ, ದೀಪಾವಳಿಗೆ. ರೈತರು ಹೆಚ್ಚು ಎಕರೆ ಬಿತ್ತುವುದೂ ಆ ಹಬ್ಬಗಳಿಗೆಂದೇ. ಆ ಹೊತ್ತಿಗೆ ಬದುಗಳ ಮೇಲೆ ರಾಜ್ಯಪುಷ್ಪವಾದ ತಂಗಡಿಯೂ ಹಳದಿಯಾಗಿರುತ್ತದೆ. ಫೆಬ್ರುವರಿಯಲ್ಲಿ ಪರಿಚಯವಾದ ರೈತರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಹಬ್ಬದ ಹೂವನ್ನು ಅವರಿಂದಲೇ ಕೊಳ್ಳಿ, ಹಾಸ್ಟೆಲ್‌ನ ಗೆಳೆಯರಿಂದಲೂ ಕೊಳ್ಳಿಸಿ. ಆ ಹೊಲ ಹೂವಿನ ಹೊಲವಾಗಿಯೇ ಉಳಿಯಲು ನಮ್ಮಿಂದಾಗುವ ಸಹಾಯ ಅದು.